ತರಕಾರಿ ಜಾಸ್ತಿ ಮಾಡಿದ್ಮೇಲೆ ಬಂದ ಹೊಟ್ಟೆ ಉಬ್ಬರ, ತರಕಾರಿ ಬಿಡದೇನೇ ಸರಿ ಮಾಡ್ಕೊಂಡಿದ್ದು (ನನ್ನ ಅನುಭವ)

"ತರಕಾರಿ ನಿಂಗೆ ಆಗ್ಬರಲ್ಲ, ಸುಮ್ನೆ ಬಿಟ್ಬಿಡು" ಅಂತ ನಮ್ಮತ್ತೆಯಿಂದ ಹಿಡ್ದು ಮೆಡಿಕಲ್ ಶಾಪ್ ಹುಡುಗನವರೆಗೂ ಎಲ್ರೂ ಹೇಳಿದ್ರು. ನಾನು ಬಿಡ್ಲಿಲ್ಲ. ಈಗ ದಿನಕ್ಕೆ ಹತ್ತತ್ರ 400 ಗ್ರಾಂ ತರಕಾರಿ ಸೊಪ್ಪು ಒಳಗೆ ಹೋಗುತ್ತೆ, ಕಾಳು ಬೇರೆ, ಹೊಟ್ಟೆ ಕಮಕ್ ಕಿಮಕ್ ಅನ್ನಲ್ಲ. ನಾರಿನಂಶ ದೊಡ್ಡ ಕರುಳಲ್ಲಿ ಬ್ಯಾಕ್ಟೀರಿಯಾ ಬಾಯಿಗೆ ಸಿಕ್ಕಿ ಗ್ಯಾಸ್ ಆಗೋ ಕಥೆ ಎಲ್ಲಾ ನಿಮ್ಗೆ ಗೊತ್ತಿರೋದೇ, ಅದು ಬೇಡ. ಏನೇನ್ ಮಾಡ್ದೆ, ಎಷ್ಟು ಕಳ್ಕೊಂಡೆ, ಅದಷ್ಟೇ ಹೇಳ್ತೀನಿ.

ನಾನು ಕೋಲಾರದಲ್ಲಿ ಪಿಗ್ಮಿ ಕಲೆಕ್ಷನ್ ಮಾಡೋನು. ಡೂಂಲೈಟ್ ಸರ್ಕಲ್ ಕಡೆಯಿಂದ ಶುರು ಮಾಡಿ ಸಂಜೆಗೆ ಎಪಿಎಂಸಿ ಯಾರ್ಡ್ ಮಂಡಿಗಳಿಗೆ ಬರ್ತೀನಿ. ಮೂರು ತಿಂಗಳ ಶುಗರ್ ಟೆಸ್ಟು (HbA1c) 6.2 ಏನೋ ಬಂತು, ಬಾರ್ಡರ್, ಊಟ ಬದಲಾಯಿಸಿ ಅಂದ್ರು. ದಿನಕ್ಕೆ 400 ಗ್ರಾಂ ತರಕಾರಿ ಅಂತ ಐಸಿಎಂಆರ್‌ನೋರು (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2024ರ ಊಟದ ಪಟ್ಟಿಯಲ್ಲಿ ಹಾಕಿದಾರಲ್ಲ, ಅದನ್ನ ಮೊದಲನೇ ದಿನದಿಂದಾನೇ ಹಿಡ್ಕೊಂಡೆ. ಮಂಡಿಯವರು ಪರಿಚಯ, ಕೋಸು ಬೀನ್ಸು ಸುಮಾರು ಸಲ ದುಡ್ಡೇ ತಗೊಳ್ಳಲ್ಲ. ಬೆಳಿಗ್ಗೆ ಬೂದುಗುಂಬಳ ಜ್ಯೂಸು, ಮಧ್ಯಾಹ್ನ ಎಲೆಕೋಸು ಪಲ್ಯ, ಸಂಜೆ ಮೊಳಕೆ ಹೆಸರುಕಾಳಿಗೆ ಹಸಿ ಈರುಳ್ಳಿ ಹಾಕ್ಕೊಂಡು ಒಂದು ಬಟ್ಟಲು, ರಾತ್ರಿ ಬಸ್ಸಾರು ಮುದ್ದೆ. ಅದಕ್ಕೆ ಮುಂಚೆ ನಾನು ತಿಂತಿದ್ದ ತರಕಾರಿ ಅಂದ್ರೆ ಸಾಂಬಾರಲ್ಲಿ ಬಂದ ನಾಲ್ಕು ಹೋಳು.

ವಾರ ಆಗೋದ್ರೊಳಗೆ ಹೊಟ್ಟೆ ಬೆಂಕಿಗೆ ಕಾಯಿಸಿದ ತಮಟೆ ಥರ ಬಿಗ್ದುಕೊಳ್ತು. ಉಬ್ಬರ ಅಳೆಯೋಕೆ ನನಗೆ ಟೇಪು ಗೀಪು ಬೇಕಾಗಿಲ್ಲ, ಉಡಿದಾರ ಸಾಕು. ಬೆಳಿಗ್ಗೆ ಎರಡು ಬೆರಳು ಸಲೀಸಾಗಿ ತೂರುತ್ತೆ, ಸಂಜೆ ಐದರ ಹೊತ್ತಿಗೆ ಒಂದು ಬೆರಳೂ ಹೋಗಲ್ಲ, ರಾತ್ರಿ ಬಿಚ್ಚಿದ್ರೆ ಸೊಂಟದ ಸುತ್ತ ಕೆಂಪಗೆ ಗೆರೆ. ಇನ್ನು ಕಲೆಕ್ಷನ್‌ಗೆ ಅಂತ ಒಬ್ಬರ ಅಂಗಡಿಯೊಳಗೆ ಕೂತು ಪಾಸ್‌ಬುಕ್ ಬರೀವಾಗ ಹೊಟ್ಟೆ ಗುಡುಗುಡು ಅನ್ನೋದಿದ್ಯಲ್ಲ, ಅದರ ಮರ್ಯಾದೆ ಕೇಳ್ಬೇಡಿ.

ದುಡ್ಡಿನ ಕಥೆಗೆ ಬರೋಣ. ಮೊದಲು ಸೋಡಾ ಪುಡಿ ಪ್ಯಾಕೆಟ್ಟು, ದಿನಕ್ಕೊಂದು ಎರಡು. ತೇಗು ಬರುತ್ತೆ, ಹಾಯ್ ಅನ್ಸುತ್ತೆ, ಗಂಟೆ ಬಿಟ್ಟು ಮತ್ತೆ ಅದೇ. ಅದರಲ್ಲಿ ಸೋಡಿಯಂ ತುಂಬಾ ಇರುತ್ತೆ, ಬಿಪಿ ಇರೋರು ಹುಷಾರು. ಆಮೇಲೆ ಖಾಲಿ ಹೊಟ್ಟೆಗೆ ತಗೊಳ್ಳೋ ಗ್ಯಾಸ್ಟ್ರಿಕ್ ಮಾತ್ರೆ. ಅದು ಆಸಿಡ್ ಕಮ್ಮಿ ಮಾಡೋದು, ನಮ್ಮದು ದೊಡ್ಡ ಕರುಳಲ್ಲಿ ಆಗ್ತಿರೋ ಗಾಳಿ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಆಯುರ್ವೇದದ್ದು ಅಂತ ಒಂದು ಡಬ್ಬಿ ಚೂರ್ಣ 400 ಚಿಲ್ಲರೆ, ಬೇಧಿ ಆಗಿದ್ದೇ ಲಾಭ. ಸ್ಕ್ಯಾನಿಂಗ್‌ಗೆ 1200 ಆಯ್ತು ಅನ್ಸುತ್ತೆ, ರಿಪೋರ್ಟಲ್ಲಿ ಎಲ್ಲಾ ನಾರ್ಮಲ್ಲು, ಮೇದೋಜೀರಕ ಗ್ರಂಥಿ ಮಾತ್ರ ಗ್ಯಾಸ್ ಅಡ್ಡ ಬಂದು ಸರಿಯಾಗಿ ಕಾಣಲಿಲ್ಲ ಅಂತ ಬರ್ದಿದ್ರು. ಗ್ಯಾಸ್ ಇದೆ ಅಂತ ನಂಗೇ ಗೊತ್ತಿತ್ತಲ್ಲ ಸ್ವಾಮಿ. ಆದ್ರೂ ತೂಕ ಇಳೀತಿದ್ರೆ, ಮಲದಲ್ಲಿ ರಕ್ತ ಬಂದ್ರೆ, ನಿದ್ದೆಯಿಂದ ಎಬ್ಬಿಸೋ ನೋವಿದ್ರೆ ನನ್ನ ಮಾತು ಕಟ್ಟಿಟ್ಟು ಡಾಕ್ಟರ್ ಹತ್ರ ಹೋಗಿ. ಕೊನೇದು ಕಾಳು ಜೀರ್ಣ ಮಾಡೋ ಎಂಜೈಮ್ ಮಾತ್ರೆ, ಆಲ್ಫಾ ಗ್ಯಾಲಕ್ಟೊಸಿಡೇಸ್ ಅಂತ. ಮೊದಲ ತುತ್ತಿನ ಜೊತೇಲೇ ನುಂಗ್ಬೇಕು. ಇದು ಕೆಲಸ ಮಾಡುತ್ತೆ, ಸುಳ್ಳು ಹೇಳಲ್ಲ, ಆದ್ರೆ ಕಾಳಿಗೆ ಮಾತ್ರ, ಈರುಳ್ಳಿ ಬೆಳ್ಳುಳ್ಳಿಗೆ ಏನೂ ಮಾಡಲ್ಲ, ದಿನಾ ಎರಡು ಹೊತ್ತು ನುಂಗಿದ್ರೆ ಪಿಗ್ಮಿ ಕಟ್ಟೋದು ನಾನೇ ಆಗ್ಬೇಕು. ಈಗ ಮದುವೆ ಮನೆಗೆ ಅಂತ ಒಂದೆರಡು ಜೇಬಲ್ಲಿರುತ್ತೆ, ಅಷ್ಟೇ. ಎಲ್ಲಾ ಸೇರಿ ನಾಲ್ಕೂವರೆ ಐದು ಸಾವಿರ ಹೋಗಿರ್ಬೇಕು.

ಕೆಲಸ ಮಾಡಿದ್ದು ಏನಪ್ಪಾ ಅಂದ್ರೆ, ತರಕಾರಿ ಬಿಡದೇ ಅರ್ಧಕ್ಕೆ ಇಳಿಸಿ ಅಲ್ಲಿಂದ ಮೆಲ್ಲಗೆ ಮೇಲಕ್ಕೆ ಹತ್ತಿದ್ದು. ಮೊದಲು ಬರೀ ಮೆತ್ತಗಿನ ಕಾಯಿಗಳು, ಸೋರೆ, ಹೀರೆ, ಪಡವಲ, ಬೂದುಗುಂಬಳ, ಎಲ್ಲಾ ಬೇಯಿಸಿದ್ದೇ, ಹಸೀದು ಒಂದು ಚೂರೂ ಇಲ್ಲ, ಜ್ಯೂಸ್ ಬಂದ್. ಉಡಿದಾರ ಸಂಜೇನೂ ಸಡಿಲ ಅನ್ಸಿದ ಮೇಲೇನೇ ಇನ್ನೊಂದು, ಕ್ಯಾರೆಟ್ಟು, ಆಮೇಲೆ ಹುರುಳಿಕಾಯಿ, ಆಮೇಲೆ ದಂಟು ಸೊಪ್ಪು. ಕೋಸು ಜಾತಿಯೋರು ಕೊನೇಗೆ, ಅದೂ ಮೊದಮೊದಲು ಎರಡೇ ಚಮಚ. ಒಂದು ಸಲಕ್ಕೆ ಒಂದೇ ಹೊಸದು, ಯಾಕಂದ್ರೆ ಎರಡು ಒಟ್ಟಿಗೆ ಸೇರಿಸಿದ್ರೆ ಕಳ್ಳ ಯಾರು ಅಂತ ಗೊತ್ತಾಗಲ್ಲ. ಕಾಳು ಕೋಸು ಒಂದೇ ಹೊತ್ತಿಗೆ ಯಾವತ್ತೂ ಇಲ್ಲ. ಮಧ್ಯಾಹ್ನ ಜಾಸ್ತಿ, ರಾತ್ರಿ ಕಮ್ಮಿ, ಮುದ್ದೆ ಎರಡಿದ್ದದ್ದು ಒಂದಾಯ್ತು, ಯಾಕಂದ್ರೆ ರಾಗೀಲೇ ನೂರು ಗ್ರಾಂಗೆ 11 ಗ್ರಾಂ ನಾರಿರುತ್ತೆ, ಅದನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ನೀರು ಮಾತ್ರ ಗಾಡಿಯಲ್ಲೇ ಬಾಟ್ಲಿ ಇಟ್ಕೊಂಡು ಕುಡಿಯೋದು. ಎರಡು ಎರಡೂವರೆ ತಿಂಗಳು ಹಿಡೀತು ಪೂರ್ತಿ 400ಕ್ಕೆ ಬರೋಕೆ. ನಮ್ಮತ್ತೆ ಅಷ್ಟೂ ದಿನ "ವಾಯು ಪದಾರ್ಥ, ವಾಯು ಪದಾರ್ಥ" ಅಂತ ಜಪ ಮಾಡ್ತಾನೇ ಇದ್ರು.

ಈಗ ಬಸ್ಸಾರು ವಿಷ್ಯ, ನಮ್ಮ ಕಡೆಯೋರಿಗೆ ಇದೇ ಮುಖ್ಯ. ಕಾಳು ನೆನೆಸಿ ಆ ನೀರು ಚೆಲ್ಲಿ ಅಂತ ಎಲ್ರೂ ಹೇಳ್ತಾರೆ, ಗ್ಯಾಸ್ ಮಾಡೋ ಸಕ್ಕರೆಗಳು, ರ‍್ಯಾಫಿನೋಸ್ ಸ್ಟಾಕಿಯೋಸ್ ಅನ್ನೋವು, ನೀರಿಗೆ ಬಿಟ್ಕೊಳ್ಳುತ್ತೆ ಅಂತ. ಸರಿ. ಆದ್ರೆ ಬಸ್ಸಾರಲ್ಲಿ ಕಾಳು ಬೇಯಿಸಿ ಬಸಿದ ಕಟ್ಟೇ ಸಾರು! ಚೆಲ್ಲಬೇಕಾಗಿದ್ದನ್ನೇ ಮುದ್ದೆ ಜೊತೆ ಸೊರ್ ಅಂತ ಕುಡೀತಾ ಇದೀವಿ. ನಾನು ಮಾಡೋದು ಹೀಗೆ, ಹುರುಳಿ ಆಗ್ಲಿ ಅಲಸಂದೆ ಆಗ್ಲಿ ರಾತ್ರಿಯೆಲ್ಲಾ ನೆನೆಸಿ, ಮಧ್ಯೆ ಒಂದು ಸಲ ನೀರು ಬದಲಾಯಿಸಿ, ಬೆಳಿಗ್ಗೆ ಅದನ್ನ ಚೆಲ್ಲಿ, ಹೊಸ ನೀರಲ್ಲಿ ಏಳೆಂಟು ನಿಮಿಷ ಕುದಿಸಿ ನೊರೆ ಸಮೇತ ಅದನ್ನೂ ಚೆಲ್ಲಿ, ಮೂರನೇ ನೀರಲ್ಲಿ ಕುಕ್ಕರ್‌ಗೆ ಹಾಕಿ ಬೆರಳಲ್ಲಿ ಒತ್ತಿದ್ರೆ ಪೇಸ್ಟ್ ಆಗೋ ತನಕ ಬೇಯಿಸಿ, ಸೊಪ್ಪು ಆಮೇಲೆ ಹಾಕಿ, ಆ ಕಟ್ಟಲ್ಲಿ ಸಾರು. ರುಚಿ ಹೋಗುತ್ತೆ ಅಂತ ನಮ್ಮನೆಯವ್ಳು ಮೂರು ದಿನ ಮಾತಾಡಲಿಲ್ಲ. ಹೋಗುತ್ತೆ, ನಿಜ, ಅದನ್ನ ವಾಪಸ್ ತರೋಕೆ ಖಾರ ರುಬ್ಬುವಾಗ ಒಂದು ಸಾಮಾನು ಹುರಿದು ಹಾಕ್ತೀನಿ, ಅದೇನು ಅಂತ ಮಾತ್ರ ಹೇಳಲ್ಲ, ಮನೆಗೆ ಬನ್ನಿ ತಿಂದು ಕಂಡು ಹಿಡೀರಿ. ಈಗ ಅವಳ ತಮ್ಮ ಭಾನುವಾರ ಭಾನುವಾರ ಅದೇ ಸಾರಿಗೇ ಬರ್ತಾನೆ.

ಬಸ್ಸಾರು ಪಳಗಿದ ಮೇಲೂ ಸಂಜೆ ಹೊತ್ತು ಉಳ್ಕೊಂಡಿದ್ದ ಉಬ್ಬರಕ್ಕೆ ನನ್ನ ಲೆಕ್ಕದಲ್ಲಿ ಮತ್ತೆ ಹಾಕ್ಕೊಳ್ಳೋಕೆ ಶುರು ಮಾಡಿದ್ದ ಹಸಿ ಈರುಳ್ಳೀನೇ ಕಾರಣ, ಪಾಪ ಎಲೆಕೋಸಿನ ಮೇಲೆ ಸುಮ್ನೆ ಅಪವಾದ. ಅದರ ಬದಲು ಈರುಳ್ಳಿ ಸೊಪ್ಪಿನ ಹಸಿರು ಭಾಗ ಮಾತ್ರ ಹಾಕಿ, ಬಿಳೀದು ಬೇಡ. ಬೆಳ್ಳುಳ್ಳಿ ಬೇಕೇ ಬೇಕು ಅನ್ನೋರು ಇಡೀ ಎಸಳು ಎಣ್ಣೇಲಿ ಕಾಯಿಸಿ ತೆಗೆದುಬಿಡಿ, ಘಮ ಎಣ್ಣೆಗೆ ಇಳಿಯುತ್ತೆ, ತೊಂದರೆ ಮಾಡೋ ಅಂಶ ಎಣ್ಣೆಗೆ ಇಳಿಯಲ್ಲ.

ಮಧ್ಯದಲ್ಲಿ ತಲೆಹರಟೆಗಳೂ ನಡೆದ್ವು. ಮೊಳಕೆ ಕಾಳು ಹಸೀದು ಒಂದು ದಿನ, ಅದೇ ಅಳತೆ ಬೇಯಿಸಿದ್ದು ಇನ್ನೊಂದು ದಿನ, ಬೇಯಿಸಿದ್ದೇ ಗೆಲ್ತು, ಹತ್ರಾನೂ ಬರ್ಲಿಲ್ಲ ಹಸೀದು. ಓಂಕಾಳು ನೀರು ಕುಡಿದ್ರೆ ಹಿತ ಅನ್ಸುತ್ತೆ, ಉಡಿದಾರಕ್ಕೇನೂ ವ್ಯತ್ಯಾಸ ಇಲ್ಲ. ಊಟ ಆದ ತಕ್ಷಣ ಅಂತರಗಂಗೆ ಮೆಟ್ಟಿಲು ಹತ್ತಿ ನೋಡ್ದೆ, ಎದೆವರೆಗೂ ಹುಳಿ ಬಂತು, ಆಮೇಲೆ ಬೀದೀಲೇ ಹತ್ತು ನಿಮಿಷ ಸುಮ್ನೆ ಅಡ್ಡಾಡಿದ್ರೆ ಅದೇ ಸಾಕಾಯ್ತು. ಅವರೆಕಾಯಿ ಸೀಸನ್‌ನಲ್ಲಿ ಸಿಪ್ಪೆ ಸಮೇತ ಸಾರು ಒಂದು ವಾರ, ಹಿತಕಿದ ಬೇಳೆ ಒಂದು ವಾರ ಮಾಡ್ಸಿ ನೋಡ್ದೆ, ಹಿತಕಿದ್ದು ಎಷ್ಟೋ ಹಗುರ. ಹಿತಕೋಕೆ ಕೂತವ್ರು ನಮ್ಮತ್ತೇನೇ, ಹಾಗಾಗಿ ಆ ವಾರ ವಾಯು ಪದಾರ್ಥದ ಮಾತು ಬರ್ಲಿಲ್ಲ.

ಶುಗರ್ ಆಮೇಲೆ 5.8 ಬಂತು, ಅನ್ನ ಕಮ್ಮಿ ಮಾಡಿದ್ದೂ ಸೇರಿ. ಇನ್ನೂ ಬಗ್ಗದೇ ಇರೋದು ಹೂಕೋಸು ಒಂದೇ. ಉಪ್ಪು ನೀರಲ್ಲಿ ಬೇಯಿಸಿ ಬಸಿದ್ರೂ ಒಂದು ಹಿಡಿ ದಾಟಿದ್ರೆ ಸಂಜೆ ಹೊತ್ತಿಗೆ ಗೊತ್ತಾಗುತ್ತೆ. ನವಿಲುಕೋಸು ಆರಾಮಾಗಿ ಹೋಗ್ತಿದೆ, ಹಾಗಾಗಿ ಸದ್ಯ ಮಂಡಿಯವರು ಹೂಕೋಸು ಕೊಟ್ರೆ ಪಕ್ಕದ ಮನೆಗೆ ಕೊಟ್ಟು ಬರ್ತಾ ಇದೀನಿ.