ನೊಗಕ್ಕೆ ಹೂಡಿ ನೋಡಿ ತಂದ ಲ್ಯಾಪ್‌ಟಾಪ್

ಕಳೆದ ವರ್ಷ ಏಪ್ರಿಲ್‌ನಲ್ಲಿ ಒಂದೇ ತಿಂಗಳಲ್ಲಿ ಮೂರು ಲ್ಯಾಪ್‌ಟಾಪ್ ಮನೆಗೆ ತಂದೆ. ಎರಡನ್ನು ವಾಪಸ್ ಕೊಟ್ಟೆ. ವಾಪಸ್ ಕೊಟ್ಟಾಗಲೆಲ್ಲ 2 ಸಾವಿರ ಕಡಿತ. ಈ ಸುದ್ದಿ ವಿಜಯಪುರದ ಎಪಿಎಂಸಿಯಲ್ಲಿ ಹೇಗೋ ಹಬ್ಬಿತು. ನಾನು ಲೆಕ್ಕ ಬರೆಯುವ ತೊಗರಿ ಅಂಗಡಿಯ ಸಾಹುಕಾರ್ರು ಎಲ್ಲರ ಮುಂದೆಯೇ ಕೇಳಿದರು: "ಏನ್ರಿ ಸರ, ಲ್ಯಾಪ್‌ಟಾಪ್ ಬಾಡಗಿಗಿ ತರಾಕತ್ತೀರೇನು?" ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ಮೂರನೆಯದಕ್ಕೆ ವರ್ಷ ದಾಟಿದೆ. ಅದೇ ಸಾಹುಕಾರ್ರು ಹೋದ ತಿಂಗಳು ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಬೇಕೆಂದು ನನ್ನನ್ನೇ ಅಂಗಡಿಗೆ ಕರೆದುಕೊಂಡು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಜಿಎಸ್‌ಟಿ ರಿಟರ್ನ್, ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಂಟ್ರಿ, ಬ್ಯಾಂಕ್ ಸ್ಟೇಟ್‌ಮೆಂಟ್. ವಾರದಲ್ಲಿ ಎರಡು ದಿನ ಟಿಕೋಟಾ ಕಡೆ ಒಣದ್ರಾಕ್ಷಿ ಶೆಡ್‌ಗಳಿಗೆ ಹೋಗುತ್ತೇನೆ, ತಿಂಗಳಿಗೊಮ್ಮೆ ಬಾಗಲಕೋಟೆ. ಎಲ್ಲಾ ಬಸ್ಸಿನಲ್ಲೇ. ಹಳೆಯ 15.6 ಇಂಚಿನ ಲ್ಯಾಪ್‌ಟಾಪ್ ಚಾರ್ಜರ್ ಸೇರಿ 3 ಕೆಜಿ ಇತ್ತು. 40 ದಾಟಿದ ಮೇಲೆ ಎಡ ಭುಜ ಮಾತಾಡಲು ಶುರುಮಾಡಿತು. ತೆಳ್ಳಗಿನದು ಬೇಕೆನಿಸಿದ್ದು ಶೋಕಿಗಲ್ಲ, ಭುಜಕ್ಕೆ.

ಆ ಏಪ್ರಿಲ್‌ಗೂ ಮೊದಲು ಎರಡು ಸಲ ಕೊಂಡು ಕೈ ಸುಟ್ಟುಕೊಂಡಿದ್ದೆ.

2021ರಲ್ಲಿ 58 ಸಾವಿರ ಕೊಟ್ಟು ಒಂದು ತಂದೆ. ಕಂಪನಿಯ ಹೆಸರು ಬೇಡ. ಅಂಗಡಿಯ ಎಸಿಯಲ್ಲಿ ನೋಡಿದಾಗ ಕನ್ನಡಿ ಥರ ಹೊಳೆಯುತ್ತಿತ್ತು. ಒಂದೇ ಬೆರಳಲ್ಲಿ ಮುಚ್ಚಳ ಎತ್ತಿ ತೋರಿಸಿದರು, ನಾನು ಮರುಳಾದೆ. 8 ಜಿಬಿ ರ್‍ಯಾಮ್ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ್ದು, ಹೆಚ್ಚಿಸಲು ಬರಲ್ಲ ಅಂತ ಮನೆಗೆ ಬಂದ ಮೇಲೆ ಗೊತ್ತಾಯಿತು. ಟ್ಯಾಲಿ, ದೊಡ್ಡ ಎಕ್ಸೆಲ್ ಒಂದು, ಕ್ರೋಮ್‌ನಲ್ಲಿ ಜಿಎಸ್‌ಟಿ ಪೋರ್ಟಲ್, ವಾಟ್ಸಾಪ್: ಇಷ್ಟು ತೆರೆದರೆ ಸಾಕು, ಉಸಿರು ಕಟ್ಟುತ್ತಿತ್ತು. ಎರಡನೇ ವರ್ಷ ಬಲಗಡೆಯ ಹಿಂಜ್ (ಮುಚ್ಚಳದ ಕೀಲು) ಪ್ಲಾಸ್ಟಿಕ್ ಸಮೇತ ಕಿತ್ತು ಬಂತು. ಮುಚ್ಚಳ ತೆಗೆದಾಗಲೆಲ್ಲ ಕಟ್ ಅಂತ ಸದ್ದು. ರಿಪೇರಿ ಮಾಡಿಸಿ 19 ಸಾವಿರಕ್ಕೆ ಕೊಟ್ಟೆ.

ಆಮೇಲೆ ಬುದ್ಧಿ ಬಂತು ಅಂದುಕೊಂಡು ಸೆಕೆಂಡ್ ಹ್ಯಾಂಡ್ ಕಡೆ ತಿರುಗಿದೆ. ದೊಡ್ಡ ಊರಿನಿಂದ ತರಿಸಿದ್ದು, 31 ಸಾವಿರ. ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದೆ. ಡಿಸೈನ್ ಕೆಪಾಸಿಟಿ ಎಷ್ಟೋ ಫುಲ್ ಚಾರ್ಜ್ ಕೆಪಾಸಿಟಿಯೂ ಅಷ್ಟೇ, ಸೈಕಲ್ ಕೌಂಟ್, ಅಂದರೆ ಎಷ್ಟು ಸಲ ತುಂಬಿ ಖಾಲಿಯಾಗಿದೆ ಅನ್ನುವ ಲೆಕ್ಕ, ಸೊನ್ನೆ. ಖುಷಿಪಟ್ಟೆ! ಮೂರು ವರ್ಷ ದುಡಿದ ಮಷಿನ್ನಿನ ಬ್ಯಾಟರಿಗೆ ಸೈಕಲ್ ಸೊನ್ನೆ ಇರುವುದು ಹೇಗೆ ಅಂತ ಆಗ ಹೊಳೆಯಲಿಲ್ಲ. ಯಾರೋ ಡೂಪ್ಲಿಕೇಟ್ ಬ್ಯಾಟರಿ ಹಾಕಿ ಕೊಟ್ಟಿದ್ದರು. 38 ಪರ್ಸೆಂಟ್ ತೋರಿಸುತ್ತಲೇ ದಪ್ ಅಂತ ಆಫ್ ಆಗುತ್ತಿತ್ತು. ಒಮ್ಮೆ 20ನೇ ತಾರೀಖು, ಜಿಎಸ್‌ಟಿಯ ರಿಟರ್ನ್ 3ಬಿ ಫೈಲ್ ಮಾಡುವಾಗಲೇ ಹೋಯಿತು. ಸಾಹುಕಾರ್ರು ಎದುರಿಗೇ ಕೂತಿದ್ದರು. ಹೊಸ ಬ್ಯಾಟರಿಗೆ 4,500 ಸುರಿದೆ. ಕೊನೆಗೆ 18 ಸಾವಿರಕ್ಕೆ ಮಾರಿದೆ. ಎರಡೂ ಸೇರಿ 56 ಸಾವಿರ ಚಿಲ್ಲರೆ ನೀರಿಗೆ ಹೋಯಿತು.

ಆ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಅಪ್ಪನ ಜೊತೆ ಹೋಗಿದ್ದೆ. ಈಗ ಎತ್ತು ಕಟ್ಟುವುದು ಬಿಟ್ಟಿದ್ದೇವೆ. ಆದರೂ ಅಪ್ಪನಿಗೆ ನೋಡದಿದ್ದರೆ ಸಮಾಧಾನವಿಲ್ಲ. ನನ್ನ ಲ್ಯಾಪ್‌ಟಾಪ್ ಕಥೆ ಕೇಳಿ, "ಎತ್ತು ತಗೊಳ್ಳಾಗ ಬರೇ ಹಲ್ಲು ನೋಡಿದ್ರ ಆತೇನು? ನೊಗಕ್ಕ ಹೂಡಿ ನಡಿಸಿ ನೋಡಬೇಕಪಾ" ಅಂದರು. ನಾನು ಇಷ್ಟು ದಿನ ಹಲ್ಲು ಮಾತ್ರ ಎಣಿಸುತ್ತಿದ್ದೆ. ಎಷ್ಟು ಕೋರ್, ಎಷ್ಟು ಜಿಬಿ, ಎಷ್ಟು ಗ್ರಾಂ.

ಆದರೆ ಅಂಗಡಿಯವರು ನೊಗಕ್ಕೆ ಹೂಡಲು ಕೊಡಬೇಕಲ್ಲ. ಡಬ್ಬಿ ಒಡೆದ ಮೇಲೆ ವಾಪಸ್ ಇಲ್ಲ ಅನ್ನುವುದೇ ಎಲ್ಲರ ಮಾತು. ನಾಲ್ಕು ಅಂಗಡಿ ತಿರುಗಿದೆ. ಐದನೆಯವರು ಒಪ್ಪಿದರು. ಪೂರ್ತಿ ದುಡ್ಡು ಮೊದಲೇ ಕಟ್ಟಬೇಕು, ಮೂರು ದಿನದೊಳಗೆ ಗೀರು ಬೀಳದೆ ವಾಪಸ್ ಬಂದರೆ 2 ಸಾವಿರ ಹಿಡಿದುಕೊಂಡು ಬೇರೆಯದನ್ನು ಕೊಡುತ್ತಾರೆ. ಅವರನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಇಲ್ಲಿ ಹೇಳಲ್ಲ. ಹೇಳಿದರೆ ಆ ಬಾಗಿಲೂ ಮುಚ್ಚುತ್ತದೆ.

ಪರೀಕ್ಷೆಗೆ ಹೊಸದೇನೂ ಬೇಡ, ನಮ್ಮ ಕೆಲಸವೇ ಸಾಕು. ನಾಲ್ಕು ವರ್ಷದ ಡೇಟಾ ಇರುವ ಒಂದು ಕಂಪನಿಯನ್ನು ಟ್ಯಾಲಿಯಲ್ಲಿ ತೆರೆಯುವುದು. 14ನೇ ತಾರೀಖು ಜಿಎಸ್‌ಟಿ ಪೋರ್ಟಲ್‌ನಲ್ಲಿ ಬರುವ 2ಬಿಯನ್ನು, ಅಂದರೆ ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿಯನ್ನು, ಖರೀದಿ ರಿಜಿಸ್ಟರ್ ಜೊತೆ ಎಕ್ಸೆಲ್‌ನಲ್ಲಿ ತಾಳೆ ನೋಡುವುದು. ಅದಕ್ಕೆ ನಾನೇ ಬರೆದ ಶೀಟ್ ಇದೆ, ಸುಮಾರು 40 ಸಾವಿರ ಸಾಲು. ಒಂದು ಗುಂಡಿ ಒತ್ತಿ ಮೊಬೈಲಿನ ಸ್ಟಾಪ್‌ವಾಚ್ ಹಚ್ಚುವುದು. ಇದನ್ನೇ ರಾತ್ರಿ ಮನೆಯಲ್ಲೊಮ್ಮೆ, ಮಧ್ಯಾಹ್ನ 2ಕ್ಕೆ ಶೆಡ್‌ನಲ್ಲೊಮ್ಮೆ. ಆ ಶೀಟ್ ಮಾತ್ರ ಕೇಳಬೇಡಿ, ಕೊಡಲ್ಲ.

ಆ ಮೂರರಲ್ಲಿ ಮೊದಲನೆಯದು ಪೂರ್ತಿ ಲೋಹದ ಮೈ. ನೋಡಲು ಬಲು ಚಂದ. ರಾತ್ರಿ ಮನೆಯಲ್ಲಿ ಶೀಟ್ ಮೂರೂವರೆ ನಿಮಿಷಕ್ಕೆ ಮುಗಿಸಿತು. ಶಭಾಷ್ ಅಂದೆ. ಮರುದಿನ ಟಿಕೋಟಾ ಶೆಡ್. ಹೊರಗೆ 41 ಡಿಗ್ರಿ ಇದ್ದಿರಬೇಕು. ಶೆಡ್‌ನ ನೆರಳಲ್ಲಿ ಗಾಳಿ ಇದೆ, ಆದರೆ ಅದು ಬಿಸಿಗಾಳಿ. ದ್ರಾಕ್ಷಿ ಒಣಗಲೆಂದೇ ಕಟ್ಟಿದ ಜಾಗ, ನಾವು ಒಣಗದೆ ಇರುತ್ತೇವೆಯೇ! 20 ನಿಮಿಷ ಬಿಲ್ ಹೊಡೆದು ಆಮೇಲೆ ಶೀಟ್ ಓಡಿಸಿದೆ. 9 ನಿಮಿಷ. ಪ್ರೊಸೆಸರ್ ಬಿಸಿಯಾಗಿ ತನ್ನ ಓಟವನ್ನು ತಾನೇ ತಗ್ಗಿಸಿಕೊಂಡಿತ್ತು. ತೊಡೆಯ ಮೇಲೆ ಇಟ್ಟುಕೊಳ್ಳಲು ಆಗಲಿಲ್ಲ. ಕೀಬೋರ್ಡಿನ ನಡುವೆ ಜಿ, ಹೆಚ್ ಇರುವ ಜಾಗ ರೊಟ್ಟಿ ಹಂಚಿನ ಅಂಚು ಮುಟ್ಟಿದಂತೆ. 2 ಸಾವಿರ ಹೋಯಿತು. ಹೋಗಲಿ.

ಎರಡನೆಯದು ಪ್ಲಾಸ್ಟಿಕ್ ಮೈ, ತಂಪಾಗಿತ್ತು, 6 ಸಾವಿರ ಕಡಿಮೆಯೂ ಇತ್ತು. ಇದನ್ನೇ ಇಟ್ಟುಕೊಳ್ಳೋಣ ಅನಿಸಿತ್ತು. ಕೆಡಿಸಿದ್ದು ಎರಡು ಸಂಗತಿ. ಒಂದು ಸ್ಕ್ರೀನ್. ಬೆಳಕು ಬರೀ 250 ನಿಟ್ಸ್, ಮೇಲೆ ಹೊಳಪು ಬೇರೆ. ನಮ್ಮ ಅಡತ್ ಅಂಗಡಿಗಳಲ್ಲಿ ಗಾದಿ ಇರುವುದೇ ಬಾಗಿಲ ಹತ್ತಿರ. ಅಲ್ಲಿ ಕೂತರೆ ಲೆಡ್ಜರ್ ಕಾಣುವ ಬದಲು ನನ್ನ ಮೀಸೆ ಕಾಣುತ್ತಿತ್ತು. ಇನ್ನೊಂದು ಫಂಕ್ಷನ್ ಕೀ. ಟ್ಯಾಲಿಯ ಸೇಲ್ಸ್ ವೋಚರ್‌ಗೆ ಎಫ್8 ಒತ್ತಿದರೆ ಏರೋಪ್ಲೇನ್ ಮೋಡ್! ಎಫ್9 ಒತ್ತಿದರೆ ಇನ್ನೇನೋ. ಎಫ್‌ಎನ್ ಜೊತೆ ಎಸ್ಕೇಪ್ ಒತ್ತಿ ಲಾಕ್ ಮಾಡಬಹುದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಈ ಮಷಿನ್‌ನಲ್ಲಿ ಅದು ಆಗಲಿಲ್ಲ, ಮಷಿನ್ನಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲೂ ಆ ಆಯ್ಕೆ ಸಿಗಲಿಲ್ಲ. ದಿನಕ್ಕೆ 200 ವೋಚರ್ ಹೊಡೆಯುವವನಿಗೆ ಇದು ನಡೆಯುವ ಮಾತೇ? ಇನ್ನೊಂದು 2 ಸಾವಿರ. ಬಾಡಿಗೆ ಮಾತು ಹುಟ್ಟಿದ್ದು ಅವತ್ತೇ. ಮನೆಯವರೂ ಮುಖ ಸಿಂಡರಿಸಿದರು.

ಮೂರನೆಯದಕ್ಕೆ ಬರುವ ಮೊದಲು ಒಂದು ಅಡ್ಡ ಮಾತು. ಅಕ್ಕನ ಮಗ ಬೆಳಗಾವಿಯಲ್ಲಿ ಓದುತ್ತಾನೆ. ಅವನ ಹತ್ತಿರ ಮೊಬೈಲಿನಲ್ಲಿರುವ ಥರದ ಎಆರ್‌ಎಂ ಚಿಪ್‌ನ ಲ್ಯಾಪ್‌ಟಾಪ್ ಇದೆ. "ಮಾಮಾ, ಇದನ್ನ ತಗೋ, ಇಡೀ ದಿನ ಚಾರ್ಜರ್ ಬ್ಯಾಡ" ಅಂದ. ಎರಡು ದಿನ ಇಸಿದುಕೊಂಡು ನೋಡಿದೆ. ಬ್ಯಾಟರಿ ಮಾತ್ರ ನಿಜಕ್ಕೂ ಅದ್ಭುತ, ಬೆಳಿಗ್ಗೆ 9ಕ್ಕೆ ತೆಗೆದರೆ ಸಂಜೆಗೂ 40 ಪರ್ಸೆಂಟ್ ಉಳಿದಿತ್ತು. ಆಮೇಲೆ ಡಿಜಿಟಲ್ ಸಹಿ ಹಾಕುವ ಡಿಎಸ್‌ಸಿ ಟೋಕನ್ ಚುಚ್ಚಿದೆ. ಅದನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಕೂರಲಿಲ್ಲ. ಸಾಮಾನ್ಯ ಸಾಫ್ಟ್‌ವೇರ್‌ಗಳನ್ನು ಆ ಚಿಪ್‌ನ ವಿಂಡೋಸ್ ಹೇಗೋ ಅನುವು ಮಾಡಿಕೊಂಡು ಓಡಿಸುತ್ತದೆ, ಡ್ರೈವರ್ ಮಾತ್ರ ಅದೇ ಚಿಪ್‌ಗೆ ಬರೆದಿದ್ದೇ ಆಗಬೇಕು. ಟೋಕನ್ ಓಡದ ಲ್ಯಾಪ್‌ಟಾಪ್ ನಮ್ಮ ಕಸುಬಿಗೆ ಸಾಣೆ ಹಿಡಿಯದ ಕುಡುಗೋಲು. ನಿಮಗೆ ಟೋಕನ್ ಕೆಲಸ ಇಲ್ಲದಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ಮೂರನೆಯದು 14 ಇಂಚು, 16:10 ಸ್ಕ್ರೀನ್, ಹೊಳಪಿಲ್ಲದ ಮ್ಯಾಟ್, 400 ನಿಟ್ಸ್, 16 ಜಿಬಿ ರ್‍ಯಾಮ್. 1080ರ ಬದಲು 1200 ಸಾಲು ಇರುವುದರಿಂದ ಎಕ್ಸೆಲ್‌ನಲ್ಲಿ ಐದಾರು ಸಾಲು ಜಾಸ್ತಿ ಕಾಣುತ್ತದೆ. ಕೇಳಲು ಸಣ್ಣದು, ಸಂಜೆಯ ಹೊತ್ತಿಗೆ ಕಣ್ಣಿಗೆ ಗೊತ್ತಾಗುತ್ತದೆ. ಬೆಲೆ 61,500ಕ್ಕೆ ಕೂತಿತು. ರಾತ್ರಿ ಶೀಟ್ 3 ನಿಮಿಷ 40 ಸೆಕೆಂಡ್, ಶೆಡ್‌ನಲ್ಲಿ 5 ನಿಮಿಷ. ಗಾದಿಯ ಮೇಲೆ ಕೂತು ಲೆಡ್ಜರ್ ಓದಿದೆ, ಮೀಸೆ ಕಾಣಲಿಲ್ಲ. ಎಫ್8 ಒತ್ತಿದರೆ ಸೇಲ್ಸ್.

ಆದರೂ ಮೂರನೇ ದಿನದವರೆಗೂ ಬಿಡಲಿಲ್ಲ. ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟೆ. ಡಬ್ಬಿಯ ಮೇಲೆ 1.39 ಅಂತ ಇತ್ತು, ತಕ್ಕಡಿ 1.42 ತೋರಿಸಿತು. ಚಾರ್ಜರ್ 300 ಗ್ರಾಂ ಮೇಲೆ. ನಂಬರ್ ಪ್ಯಾಡ್ ಇಲ್ಲ, ಅದನ್ನು ಬೇರೆ ಕೊಳ್ಳಬೇಕು, 700 ರೂಪಾಯಿ. ಪೋರ್ಟ್ ಹೆಚ್ಚಿಸುವ ಹಬ್ ಒಂದು, 1,800. ಎಲ್ಲಾ ಸೇರಿ ಚೀಲದಲ್ಲಿ 2 ಕೆಜಿ. ಡಬ್ಬಿ ನೋಡಿ ಕೊಳ್ಳುವವರು ಈ ಲೆಕ್ಕ ಹಾಕುವುದೇ ಇಲ್ಲ. ಹಳೆಯದಕ್ಕಿಂತ ಒಂದು ಕೆಜಿ ಕಡಿಮೆ, ಭುಜಕ್ಕೆ ಅಷ್ಟೇ ಸಾಕು. ನಂಬರ್ ಪ್ಯಾಡ್ ಇಲ್ಲದ್ದಕ್ಕೆ ನಮ್ಮ ಕಸುಬಿನ ಗೆಳೆಯರು ಬಹಳ ನಕ್ಕಿದ್ದರು. ಈಗ ಅವರಲ್ಲೇ ಇಬ್ಬರು ಬಿಡಿ ಪ್ಯಾಡ್ ತಂದಿದ್ದಾರೆ. ಅದನ್ನು ಎಡಗಡೆ ಇಟ್ಟುಕೊಂಡರೆ ಬಲಗೈಗೆ ಪೆನ್ ಹಿಡಿಯಲು ಬಿಡುವು. ಒಂದು ವಾರ ಕೈ ತಡವರಿಸುತ್ತದೆ, ಆಮೇಲೆ ಕೂರುತ್ತದೆ.

ಬಿಸಿಯ ವಿಷಯದಲ್ಲಿ ಕೆಲವು ಹುಚ್ಚಾಟ ಮಾಡಿದೆ. ಹಸಿ ಗೋಣಿಚೀಲದ ಮೇಲೆ ಸ್ಟೀಲ್ ತಾಟು ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಮೂರ್ನಾಲ್ಕು ಡಿಗ್ರಿ ಇಳಿಯಿತು. ತಾಟಿನ ಅಂಚಿನಲ್ಲಿ ನೀರು ಮೂಡಿದ್ದು ನೋಡಿ ಎದೆ ಝಲ್ ಅಂತು, ಅಲ್ಲಿಗೇ ಬಿಟ್ಟೆ. ತಾಟು ಕಾಣೆಯಾಗಿದೆ ಅಂತ ಮನೆಯವರು ಬೈದಿದ್ದು ಬೇರೆ. ನಿಜಕ್ಕೂ ಕೆಲಸ ಮಾಡಿದ್ದು ಎರಡು ನೀರಿನ ಬಾಟಲಿ ಮುಚ್ಚಳ. ಹಿಂದಿನ ಎರಡು ಕಾಲಿನ ಕೆಳಗೆ ಇಟ್ಟರೆ ಗಾಳಿ ಎಳೆಯುವ ಜಾಗ ತೆರೆದುಕೊಳ್ಳುತ್ತದೆ. ನಾಲ್ಕೈದು ಡಿಗ್ರಿ ಇಳಿಯುತ್ತದೆ, ಖರ್ಚು ಸೊನ್ನೆ.

ಇನ್ನೊಂದು ಉಪಾಯ ವಿಂಡೋಸ್‌ನ ಪವರ್ ಪ್ಲಾನ್‌ನದು. ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100ರ ಬದಲು 99 ಮಾಡಿದರೆ ಟರ್ಬೋ, ಅಂದರೆ ಪ್ರೊಸೆಸರ್‌ನ ಹೆಚ್ಚುವರಿ ಓಟ, ನಿಲ್ಲುತ್ತದೆ. ಒಂದೇ ಅಂಕಿಯ ಆಟ. ಪ್ರೊಸೆಸರ್ ಒಮ್ಮೆ ಜಿಗಿದು ಬಿಸಿಯಾಗಿ ಕುಸಿಯುವ ಬದಲು ಒಂದೇ ಹದದಲ್ಲಿ ಓಡುತ್ತದೆ. ರಾತ್ರಿ ಮನೆಯಲ್ಲಿ ಇದರಿಂದ ಶೀಟ್ ತಡವಾಗುತ್ತದೆ, ಶೆಡ್‌ನಲ್ಲಿ ಮಾತ್ರ ಬೇಗ ಮುಗಿಯುತ್ತದೆ. 5 ನಿಮಿಷ ಇದ್ದದ್ದು ನಾಲ್ಕೂವರೆ. ಫ್ಯಾನ್ ಸದ್ದೂ ಇಲ್ಲ. ಕೆಲವು ಮಷಿನ್‌ಗಳಲ್ಲಿ ಆ ಸಾಲು ಮುಚ್ಚಿಟ್ಟಿರುತ್ತಾರೆ, ಹುಡುಕಿ. ಇದರ ಜೊತೆ ನಾನು ಇನ್ನೊಂದು ಸೆಟ್ಟಿಂಗ್ ಮುಟ್ಟಿದ್ದೇನೆ. ಅದು ನನ್ನ ಹೊಟ್ಟೆಪಾಡಿನದು, ಇರಲಿ.

ಬ್ಯಾಟರಿ 54 ವ್ಯಾಟ್ ಅವರ್. ಮನೆಯಲ್ಲಿ ಟ್ಯಾಲಿ, ಎಕ್ಸೆಲ್ ಅಷ್ಟೇ ಆದರೆ ಗಂಟೆಗೆ ಏಳೆಂಟು ವ್ಯಾಟ್ ಅವರ್ ತಿನ್ನುತ್ತದೆ, ಏಳು ತಾಸಿನ ಹತ್ತಿರ ಬರುತ್ತದೆ. ಗಾದಿಯ ಬೆಳಕಿಗೆ ಬ್ರೈಟ್‌ನೆಸ್ ಪೂರ್ತಿ ಏರಿಸಿದರೆ ನಾಲ್ಕೂವರೆ. ಶೆಡ್‌ನಲ್ಲಿ ಕರೆಂಟ್ ನಂಬುವ ಹಾಗಿಲ್ಲ, ಅದಕ್ಕೇ 65 ವ್ಯಾಟ್ ಕೊಡುವ 20,000 ಎಂಎಎಚ್‌ನ ಪವರ್ ಬ್ಯಾಂಕ್ ತಂದೆ. 20,000 ಎಂಎಎಚ್ ಅಂದರೆ 20 ಆಂಪಿಯರ್ ಅವರ್, ಅದನ್ನು 3.7 ವೋಲ್ಟ್‌ನಿಂದ ಗುಣಿಸಿದರೆ 74 ವ್ಯಾಟ್ ಅವರ್. ಲ್ಯಾಪ್‌ಟಾಪ್‌ಗೆ ಇಳಿದದ್ದು 55ರಿಂದ 60. ಅಂದರೆ ಒಂದು ಸಲ ಪೂರ್ತಿ ತುಂಬುತ್ತದೆ. ಹಳೆಯ ಗುಂಡು ಪಿನ್‌ನ ಚಾರ್ಜರ್ ಇದ್ದಾಗ ಈ ಸುಖ ಇರಲಿಲ್ಲ. ಟೈಪ್ ಸಿ ಚಾರ್ಜಿಂಗ್ ಇಲ್ಲದ ಲ್ಯಾಪ್‌ಟಾಪನ್ನು ಈಗ ನಾನು ಮುಟ್ಟಿಯೂ ನೋಡಲ್ಲ. ಮನೆಯಲ್ಲಿ 80 ಪರ್ಸೆಂಟ್‌ಗೆ ಚಾರ್ಜ್ ನಿಲ್ಲಿಸಿಟ್ಟಿದ್ದೇನೆ, ಶೆಡ್‌ಗೆ ಹೋಗುವ ಹಿಂದಿನ ರಾತ್ರಿ ಮಾತ್ರ ನೂರು. ವರ್ಷದ ಮೇಲೆ ರಿಪೋರ್ಟ್ ತೆಗೆದರೆ 54ರಲ್ಲಿ 51 ಉಳಿದಿದೆ. ಸೈಕಲ್ ಕೌಂಟ್ 140ರ ಆಸುಪಾಸು. ಈ ಸಲ ಅಂಕಿ ನಂಬುವ ಹಾಗಿದೆ.

ಸಾಹುಕಾರ್ರ ಮಗಳಿಗೆ ನಾನು ಇದೇ ಮಾಡೆಲ್ ಕೊಡಿಸಲಿಲ್ಲ. ಅವಳ ಕೆಲಸ ಕಾಲೇಜಿನ ರೂಮಿನಲ್ಲಿ. ಬಿಸಿಲೂ ಇಲ್ಲ, ಟೋಕನ್ನೂ ಇಲ್ಲ. ನಾನು ವಾಪಸ್ ಕೊಟ್ಟಿದ್ದ ಎರಡನೆಯದರ ಮಾಡೆಲ್ಲೇ ಸಾಕಾಯಿತು, ನನಗೆ ಹೇಳಿದ್ದಕ್ಕಿಂತ 3 ಸಾವಿರ ಇಳಿಸಿಯೂ ಕೊಟ್ಟರು. ಅಂಗಡಿಯಲ್ಲೇ ಬಾಗಿಲ ಹತ್ತಿರ ಅವಳನ್ನು ಕೂರಿಸಿ ಸ್ಕ್ರೀನ್ ತೋರಿಸಿದೆ. "ಕಾಕಾ, ನಾ ಹೊರಗ ಕೂತು ಓದಂಗಿಲ್ರಿ" ಅಂದಳು. ಸರಿ ಅಂದೆ. ಸಾಹುಕಾರ್ರು ಸಂಜೆ ಕೊಲ್ಹಾರದ ಮೊಸರಿನ ಗಡಿಗೆ ಕಳಿಸಿದರು.

ನನ್ನದರಲ್ಲಿ ಈಗ ಒಂದೇ ಕಿರಿಕಿರಿ. ಎಪಿಎಂಸಿಯ ತೊಗರಿ ದೂಳು ಫ್ಯಾನಿನೊಳಗೆ ಸೇರಿ ಕೀಚ್ ಅನ್ನುತ್ತಿದೆ. ತಳದ ಸ್ಕ್ರೂ ನಕ್ಷತ್ರದ ತಲೆಯವು, ಅದಕ್ಕೆ ಬೇಕಾದ ಸ್ಕ್ರೂಡ್ರೈವರ್ ನಿನ್ನೆ ಸಿಕ್ಕಿತು, 90 ರೂಪಾಯಿ. ಭಾನುವಾರ ಬಿಚ್ಚಬೇಕು.