ಹೊಂಡದ ಮೀನಿಗೆ ಗಾಯವೇ? ಔಷಧಿ ಸುರಿಯುವ ಮೊದಲು ಲ್ಯಾಬಿಗೆ ಕಳಿಸಿ

ಕೃಷಿಹೊಂಡದ ಕಾಟ್ಲಾ, ರೋಹು ಮೈಮೇಲೆ ಕೆಂಪು ಗಾಯ. ರೆಕ್ಕೆ ಕೊಳೆತಿದೆ, ಹೊಟ್ಟೆ ಉಬ್ಬಿದೆ. ಕೇಳಿದರೆ ಸಿಗುವ ಸಲಹೆ ಒಂದೇ: ‘ಈ ಪುಡಿ ಹಾಕ್ರಿ, ಮುಗೀತು.’ ಮುಗಿಯುವುದಿಲ್ಲ. ಪುಡಿ ಆ್ಯಂಟಿಬಯೋಟಿಕ್ ಆಗಿದ್ದರೆ, ಅದಕ್ಕೆ ಬಗ್ಗುವ ಬ್ಯಾಕ್ಟೀರಿಯಾ ಸಾಯುತ್ತವೆ, ಬಗ್ಗದವು ಉಳಿದು ಹೆಚ್ಚುತ್ತವೆ. ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಣುಕಿನ ಮೂಲಕ ಬೇರೆ ಜಾತಿಯವಕ್ಕೂ ಆ ಗುಣ ದಾಟಿಸುತ್ತವೆ.

ಮೊದಲು ಕಾಯಿಲೆ ಹೌದಾ ನೋಡಿ. ಗಾಯವಿಲ್ಲದ ಮೀನು ನಸುಕಿನಲ್ಲಿ ಮೇಲೆ ಬಂದು ಬಾಯಿ ಬಿಟ್ಟು, ಬಿಸಿಲೇರಿದ ಮೇಲೆ ಸರಿಹೋದರೆ ಅದು ಬಹುತೇಕ ಆಕ್ಸಿಜನ್ ಕೊರತೆ. ಕಲಬುರಗಿ ಬೇಸಿಗೆಯಲ್ಲಿ ನೀರು ಕಾದಷ್ಟೂ ಆಕ್ಸಿಜನ್ ಇಳಿಯುತ್ತದೆ. ಮೇವು ನಿಲ್ಲಿಸಿ, ಪಂಪ್ ಹಚ್ಚಿ ನೀರು ಚಿಮ್ಮಿಸಿ. ಇದಕ್ಕೆ ಔಷಧಿ ದಂಡ.

ಗಾಯವಿದ್ದರೆ ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಫೋನ್ ಮಾಡಿ, ಸ್ಯಾಂಪಲ್ ಯಾವ ಲ್ಯಾಬಿಗೆ ಒಯ್ಯಬೇಕು ಕೇಳಿ. ಬೀದರಿನ ಪಶು ಮತ್ತು ಮೀನುಗಾರಿಕೆ ವಿಶ್ವವಿದ್ಯಾಲಯದಲ್ಲೂ ವಿಚಾರಿಸಬಹುದು. ಅಲ್ಲಿಯವರೆಗೆ ಹೊಂಡಕ್ಕೆ ಏನೂ ಹಾಕಬೇಡಿ.

ಸ್ಯಾಂಪಲ್ಲಿಗೆ ಸತ್ತು ತೇಲುವ ಮೀನು ಬೇಡ. ಸತ್ತ ಸ್ವಲ್ಪ ಹೊತ್ತಿಗೇ ಕರುಳಿನ ಬ್ಯಾಕ್ಟೀರಿಯಾ ಮೈಯೆಲ್ಲ ಹರಡುತ್ತವೆ, ನಿಜವಾದ ಕಳ್ಳ ಸಿಗುವುದಿಲ್ಲ. ಗಾಯವಾಗಿ ಇನ್ನೂ ಉಸಿರಾಡುತ್ತಿರುವ ನಾಲ್ಕೈದು ಮೀನು ಹಿಡಿದು, ಮರಿ ಸಾಗಿಸುವ ಆಕ್ಸಿಜನ್ ಚೀಲದಲ್ಲಿ ಒಯ್ಯಿರಿ. ಆಗದಿದ್ದರೆ ಈಗಷ್ಟೇ ಸತ್ತದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ನಡುವೆ ಇಡಿ. ಫ್ರೀಜರ್ ಬೇಡ. ನೀರಿಗೆ ಲ್ಯಾಬಿನವರದೇ ಬಾಟಲಿ ಕೇಳಿ. ಮುಚ್ಚಳದ ಒಳಭಾಗ ಮುಟ್ಟದೆ, ಒಂದು ಗೇಣು ಆಳದಲ್ಲಿ ತುಂಬಿಸಿ, ಮೇಲೆ ಸ್ವಲ್ಪ ಖಾಲಿ ಬಿಡಿ. ಅದನ್ನೂ ಐಸಿನಲ್ಲಿಟ್ಟು ಅದೇ ದಿನ ತಲುಪಿಸಿ. ಹಿಂದೆ ಹಾಕಿದ ಔಷಧಿಯ ಹೆಸರು, ತಾರೀಕು ಚೀಟಿಯಲ್ಲಿ ಬರೆಯಿರಿ, ಮುಚ್ಚಿಡಬೇಡಿ.

ಲ್ಯಾಬಿನಲ್ಲಿ ಸಾಮಾನ್ಯವಾಗಿ ಮೀನಿನ ಮೂತ್ರಪಿಂಡದಿಂದ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಸಿಹಿನೀರಿನ ಮೀನಿನಲ್ಲಿ ಪದೇಪದೇ ಸಿಗುವುದು ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾ. ಅದನ್ನು ಅಗರ್ ಎಂಬ ಜೆಲ್ಲಿ ತುಂಬಿದ ತಟ್ಟೆಯ ಮೇಲೆ ಸವರಿ, ಔಷಧಿ ಹೀರಿದ ಕಾಗದದ ಬಿಲ್ಲೆಗಳನ್ನಿಟ್ಟು, ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಬಿಡುತ್ತಾರೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವೃತ್ತ. ನಾಟದಿದ್ದರೆ ಬಿಲ್ಲೆಯ ಅಂಚಿನವರೆಗೂ ಮಬ್ಬು ಪೊರೆ.

ರಿಪೋರ್ಟ್ ಓದುವಾಗ ಎಲ್ಲರೂ ಎಡವುವುದು ಇಲ್ಲೇ: ದೊಡ್ಡ ವೃತ್ತದ ಔಷಧಿಯೇ ಉತ್ತಮ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದೊಂದು ಔಷಧಿಗೂ ಅಳತೆ ಬೇರೆ. ಮಿಲಿಮೀಟರ್ ಬಿಡಿ, ‘ನಾಟುತ್ತದೆ’, ‘ನಿರೋಧಕ’ (ಅಂದರೆ ನಾಟುವುದಿಲ್ಲ) ಎಂದು ಬರೆದದ್ದನ್ನು ನೋಡಿ. ಆ್ಯಂಪಿಸಿಲಿನ್ ಎದುರು ‘ನಿರೋಧಕ’ ಎಂದಿದ್ದರೆ ಗಾಬರಿ ಬೇಡ, ಏರೋಮೋನಾಸ್ ಸಾಮಾನ್ಯವಾಗಿ ಹುಟ್ಟಿನಿಂದಲೇ ಅದಕ್ಕೆ ಬಗ್ಗುವುದಿಲ್ಲ.

ಔಷಧಿ ಬೇಕೇ ಅನ್ನುವುದನ್ನು ತಜ್ಞರು ಹೇಳಲಿ. ಎಷ್ಟೋ ಸಲ ನೀರು ಬದಲಿಸಿ, ಮೀನಿನ ಸಂಖ್ಯೆ ಇಳಿಸಿದರೇ ಸಾಕಾಗುತ್ತದೆ. ಬೇಕೆಂದರೆ ಹೇಳಿದಷ್ಟೂ ದಿನ ಮೇವಿನಲ್ಲಿ ಕೊಡಿ, ನಡುವೆ ಬಿಡಬೇಡಿ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್, ಕೊಲಿಸ್ಟಿನ್ ಯಾರು ಕೊಟ್ಟರೂ ಬೇಡ ಅನ್ನಿ, ಮೀನು ಸಾಕಣೆಯಲ್ಲಿ ಅವಕ್ಕೆ ನಿಷೇಧವಿದೆ. ಔಷಧಿ ಮುಗಿದು ಎಷ್ಟು ದಿನಕ್ಕೆ ಮೀನು ಮಾರಬಹುದು ಅಂತ ಚೀಟಿಯಲ್ಲೇ ಬರೆಸಿಕೊಳ್ಳಿ. ಸತ್ತ ಮೀನನ್ನು ಸುಣ್ಣ ಹಾಕಿ ಆಳವಾಗಿ ಹೂಳಿ, ಬೆಣ್ಣೆತೊರಾ ಹೊಳೆಗೋ ಭೀಮೆಗೋ ಎಸೆಯಬೇಡಿ.