ಟಿವಿ ಲಿಸ್ಟಿಂಗ್ಸ್ ಮ್ಯಾಗಜಿನ್‌ಗೆ ಮುಖಪುಟ ಮಾಡೋದು ಹೇಗೆ: ಪಟ್ಟಿ ಒಂದೇ, ಮುಖ ಮಾತ್ರ ಬೇರೆ

ಮೀಡಿಯಾ ಓದೋರಿಗೆ, ಡಿಸೈನ್ ಕಲೀತಿರೋರಿಗೆ ಈ ಅಸೈನ್‌ಮೆಂಟ್ ಬರ್ತಾನೇ ಇರುತ್ತೆ, ಟಿವಿ ಲಿಸ್ಟಿಂಗ್ಸ್ ಮ್ಯಾಗಜಿನ್‌ಗೆ (ಯಾವ ಚಾನೆಲ್ಲಲ್ಲಿ ಯಾವಾಗ ಏನು ಬರುತ್ತೆ ಅಂತ ವಾರದ ಪಟ್ಟಿ ಹಾಕೋ ಪತ್ರಿಕೆಗೆ) ಒಂದು ಮುಖಪುಟ ಮಾಡಿ, ಯಾರಿಗೋಸ್ಕರ ಮಾಡಿದ್ರಿ ಅಂತ ವಿವರಿಸಿ ಅಂತ. ಹೆಚ್ಚಿನವರು ಏನ್ಮಾಡ್ತಾರೆ ಅಂದ್ರೆ ಒಬ್ಬ ನಟನ ಫೋಟೋ ತಗೊಂಡು ನಡುವೆ ಕೂರಿಸಿ, ಮೇಲೆ ದಪ್ಪಕ್ಷರದಲ್ಲಿ ಪತ್ರಿಕೆ ಹೆಸರು ಹಾಕಿ, ಸುತ್ತ ಜಾಗ ಇರೋ ಕಡೆ ನಾಲ್ಕು ಸಾಲು ತುರುಕಿ ಮುಗಿಸ್ಬಿಡ್ತಾರೆ. ನೋಡೋಕೇನೋ ಮ್ಯಾಗಜಿನ್ ಥರಾನೇ ಇರುತ್ತೆ, ಆದ್ರೆ ಇದು ಯಾರಿಗೆ ಅಂತ ಕೇಳಿದ್ರೆ "ಟಿವಿ ನೋಡೋರಿಗೆ" ಅಂತಾರೆ. ಮಾರ್ಕ್ಸ್ ಹೋಗೋದು ಅಲ್ಲೇ.

ಇದನ್ನ ಕಲಿಯೋಕೆ ಬ್ರಿಟನ್ ಪತ್ರಿಕೆಗಳನ್ನ ಇಟ್ಕೊಳ್ಳಿ. ಯಾಕೆ ಅಂತ ಸ್ವಲ್ಪ ಹಿಂದಕ್ಕೆ ಹೋಗಿ ಹೇಳ್ತೀನಿ. 1923ರಲ್ಲಿ ಅಲ್ಲಿನ ಪೇಪರ್ ಮಾಲೀಕರು ಬಿಬಿಸಿಗೆ, ನಿಮ್ಮ ರೇಡಿಯೋ ಕಾರ್ಯಕ್ರಮದ ಪಟ್ಟಿ ನಾವು ಹಾಕ್ಬೇಕು ಅಂದ್ರೆ ಜಾಹೀರಾತಿನ ಥರ ದುಡ್ಡು ಕೊಡಿ ಅಂತ ಪಟ್ಟು ಹಿಡಿದ್ರು, ಬಿಬಿಸಿಯವರು ಹಂಗಾದ್ರೆ ನಮ್ದೇ ಪತ್ರಿಕೆ ಮಾಡ್ಕೋತೀವಿ ಬಿಡಿ ಅಂತ ಅದೇ ವರ್ಷ ಸೆಪ್ಟೆಂಬರ್ 28ಕ್ಕೆ ರೇಡಿಯೋ ಟೈಮ್ಸ್ ಶುರು ಮಾಡಿದ್ರು. 1955ರಲ್ಲಿ ಐಟಿವಿ ಅನ್ನೋ ಖಾಸಗಿ ಚಾನೆಲ್ ಬಂತು, ಅದರ ಜೊತೆಗೇ ಟಿವಿ ಟೈಮ್ಸೂ ಬಂತು. ಆಮೇಲೆ ಎಷ್ಟೋ ವರ್ಷ ಬಿಬಿಸಿಯ ರೇಡಿಯೋ, ಟಿವಿ ಎರಡರದ್ದೂ ರೇಡಿಯೋ ಟೈಮ್ಸಲ್ಲಿ ಮಾತ್ರ, ಐಟಿವಿದು ಟಿವಿ ಟೈಮ್ಸಲ್ಲಿ ಮಾತ್ರ, ಇಡೀ ವಾರದ ಪೂರ್ತಿ ಪಟ್ಟಿ ಬೇಕು ಅಂದ್ರೆ ಎರಡನ್ನೂ ಕೊಳ್ಬೇಕಿತ್ತು. 1991ರ ಮಾರ್ಚ್ 1ಕ್ಕೆ ಈ ಕಟ್ಟುಪಾಡು ಹೋಯ್ತು, ಯಾರು ಬೇಕಾದ್ರೂ ಎಲ್ಲಾ ಚಾನೆಲ್ಲಿನ ಪಟ್ಟಿ ಹಾಕ್ಬೋದು ಅಂತಾಯ್ತು. ಅದೇ ವರ್ಷ ವಾಟ್ಸ್ ಆನ್ ಟಿವಿ ಬಂತು, 1999ರಲ್ಲಿ ಟಿವಿ ಚಾಯ್ಸ್ ಬಂತು.

ನಮಗೆ ಬೇಕಾಗಿರೋ ವಿಷ್ಯ ಇಲ್ಲೇ ಇರೋದು. 1991ರವರೆಗೆ ಪತ್ರಿಕೆ ಒಳಗಿನ ಪಟ್ಟಿಯಿಂದಾನೇ ಮಾರಾಟ ಆಗ್ತಿತ್ತು, ಇಡೀ ವಾರದ್ದು ಬೇರೆ ಕಡೆ ಸಿಗ್ತಾನೇ ಇರ್ಲಿಲ್ವಲ್ಲ. ಆಮೇಲೆ ಸೋಮವಾರ ರಾತ್ರಿ ಒಂಬತ್ತಕ್ಕೆ ಏನಿದೆ ಅನ್ನೋದು ಎಲ್ಲಾ ಪತ್ರಿಕೇಲೂ ಅದೇ, ಒಂದಕ್ಷರ ಆಚೀಚೆ ಇಲ್ಲ. ಹಂಗಿದ್ಮೇಲೆ ಅಂಗಡಿಲಿ ನಿಂತೋನು ಒಂದನ್ನ ಬಿಟ್ಟು ಇನ್ನೊಂದನ್ನ ಯಾಕೆ ಎತ್ಕೋತಾನೆ? ನಾನು ಯಾವ ಥರದ ಟಿವಿ ನೋಡೋನು ಅನ್ನೋದನ್ನ ಮುಖಪುಟ ಅವನಿಗೆ ತೋರಿಸ್ತಿದೆ, ಅದಕ್ಕೆ. ಇದೊಂದು ತಲೇಲಿ ಕೂತ್ರೆ ಮಿಕ್ಕಿದ್ದೆಲ್ಲ ಸುಲಭ.

ಹಾಗಾಗಿ ಮೊದ್ಲ ಕೆಲಸ ಡಿಸೈನ್ ಸಾಫ್ಟ್‌ವೇರ್ ಓಪನ್ ಮಾಡೋದಲ್ಲ. ಒಂದು ರೇಡಿಯೋ ಟೈಮ್ಸ್, ಒಂದು ಟಿವಿ ಚಾಯ್ಸ್ ಅಥವಾ ವಾಟ್ಸ್ ಆನ್ ಟಿವಿ, ಆದಷ್ಟೂ ಒಂದೇ ವಾರದ್ದು, ಪಕ್ಕಪಕ್ಕ ಇಟ್ಕೊಂಡು ಹತ್ತು ನಿಮಿಷ ಸುಮ್ನೆ ನೋಡಿ. ರೇಡಿಯೋ ಟೈಮ್ಸಲ್ಲಿ ಸಾಮಾನ್ಯವಾಗಿ ಒಂದೇ ಫೋಟೋ, ಒಬ್ಬರು ಇಲ್ಲಾ ಇಬ್ಬರು, ಸುತ್ತ ಉಸಿರಾಡೋಕೆ ಜಾಗ, ಬಣ್ಣ ಕಮ್ಮಿ, ಬರಹಾನೂ ಕಮ್ಮಿ. ಇನ್ನೊಂದರಲ್ಲಿ ಕೆಂಪು, ಹಳದಿ, ಗುಲಾಬಿ, ನಾಲ್ಕೈದು ಮುಖ ಒಂದರ ಮೇಲೊಂದು, ಆಶ್ಚರ್ಯಸೂಚಕ ಚಿಹ್ನೆಗಳ ಸುರಿಮಳೆ, ಒಳಗೆ ಬಹುಮಾನದ ಪದಬಂಧ ಇದೆ ಅಂತ ಒಂದು ಕೂಗು, ಬೆಲೆ ಕಮ್ಮಿ ಅನ್ನೋದನ್ನೂ ಮುಚ್ಚಿಡಲ್ಲ. ಬೇಗ ತೀರ್ಪು ಕೊಡೋರು ಮೊದಲನೇದು ಕ್ಲಾಸು ಎರಡನೇದು ಮಾಸು ಅಂದ್ಬಿಡ್ತಾರೆ. ಅಷ್ಟೇ ಬರೆದ್ರೆ ಏನೂ ಹೇಳ್ದಂಗಾಗಲ್ಲ. ನನ್ನ ಕೇಳಿದ್ರೆ ಆ ಎರಡನೇ ಥರದ ಮುಖಪುಟ ಮಾಡೋದೇ ಕಷ್ಟ, ಅಷ್ಟೊಂದು ಸಾಮಾನು ಹಾಕಿಯೂ ಕಣ್ಣಿಗೆ ದಾರಿ ತಪ್ಪದ ಹಾಗೆ ಜೋಡಿಸ್ಬೇಕಲ್ಲ. ಖಾಲಿ ಜಾಗ ಬಿಡೋಕೆ ಧೈರ್ಯ ಒಂದಿದ್ರೆ ಸಾಕು.

ಈಗ ಹೆಸರುಗಳನ್ನ ನೋಡಿ, ಇದು ತುಂಬಾ ಜನಕ್ಕೆ ಕಾಣೋದೇ ಇಲ್ಲ. ರೇಡಿಯೋ ಟೈಮ್ಸ್ ಹೆಚ್ಚಾಗಿ ನಟನ ಹೆಸರು ಹಾಕುತ್ತೆ, ಅವನ ಹತ್ರ ಮಾತಾಡಿಸಿ ಬರೆದಿರೋದು ಒಳಗಿದೆ ಅನ್ನೋ ಲೆಕ್ಕದಲ್ಲಿ. ಸೀರಿಯಲ್ ಕಡೆ ವಾಲಿರೋ ಪತ್ರಿಕೆ ಪಾತ್ರದ ಹೆಸರು ಹಾಕುತ್ತೆ, ಅದೂ ಬರೀ ಮೊದಲ ಹೆಸರು, ಪಕ್ಕದ್ಮನೆಯವರ ಸುದ್ದಿ ಹೇಳೋ ಥರ. ಕೊರೊನೇಷನ್ ಸ್ಟ್ರೀಟ್ ಅನ್ನೋ ಸೀರಿಯಲ್ 1960ರಿಂದ ಬರ್ತಿದೆ, ಈಸ್ಟ್‌ಎಂಡರ್ಸ್ 1985ರಿಂದ, ಅದನ್ನ ನೋಡೋರಿಗೆ ಆ ಪಾತ್ರಗಳು ನೆಂಟರಷ್ಟೇ ಗೊತ್ತು, ಪರಿಚಯ ಮಾಡ್ಸೋದೇ ಬೇಡ. ನಿಮ್ಮ ಮುಖಪುಟದಲ್ಲಿ ಹೆಸರು ಯಾರದು ಅನ್ನೋದನ್ನ ಮೊದ್ಲೇ ತೀರ್ಮಾನ ಮಾಡಿ, ಫೋಟೋನೂ ಅದರ ಮೇಲೇ ನಿಂತಿರುತ್ತೆ. ನಟ ಅಂದ್ರೆ ಅವನು ನೇರ ಓದುಗರ ಕಣ್ಣಿಗೆ ಕಣ್ಣಿಟ್ಟು ನೋಡ್ತಿರ್ಬೇಕು, ಮಾತಾಡೋಕೆ ಕೂತಿರೋನ ಥರ. ಪಾತ್ರ ಅಂದ್ರೆ ಅವರು ಒಬ್ಬರನ್ನೊಬ್ಬರು ನೋಡ್ತಿರ್ಲಿ, ಇಲ್ಲಾ ಫೋಟೋದ ಆಚೆಗೆಲ್ಲೋ ಹೆದರಿ ನೋಡ್ತಿರ್ಲಿ, ನಾವು ಬಾಗಿಲ ಸಂದಿಯಿಂದ ಇಣುಕಿದ ಹಾಗೆ. ಇದು ಕಬ್ಬಿಣದ ನಿಯಮ ಏನಲ್ಲ, ಸೀರಿಯಲ್ ಪತ್ರಿಕೇಲೂ ನಗ್ತಾ ಕ್ಯಾಮೆರಾ ನೋಡೋ ಫೋಟೋ ಬರುತ್ತೆ, ಆದ್ರೆ ಎರಡನ್ನೂ ಬೆರೆಸಿ ನಟನ ಹೆಸರು ಹಾಕಿ ಪಾತ್ರದ ಅಳು ಮುಖ ಹಾಕಿದ್ರೆ ಓದೋನಿಗೆ ಇದು ಇಂಟರ್‌ವ್ಯೂನಾ ಕಥೆನಾ ಗೊತ್ತಾಗಲ್ಲ.

ಕವರ್ ಲೈನ್, ಅಂದ್ರೆ ಮುಖಪುಟದ ಸಾಲು, ಬರೆಯೋದ್ರಲ್ಲಿ ಇನ್ನೊಂದು ತಮಾಷೆ ಇದೆ. ಬೇರೆ ಕಡೆ ಕಥೆ ಮುಂಚೇನೇ ಹೇಳಿದ್ರೆ ಜನ ಜಗಳಕ್ಕೆ ಬರ್ತಾರೆ, ಇಲ್ಲಿ ಮುಂದಿನ ವಾರ ಏನಾಗುತ್ತೆ ಅಂತ ತಿಳ್ಕೊಳ್ಳೋಕೇ ದುಡ್ಡು ಕೊಡ್ತಾರೆ. ಆದ್ರೂ ಎಲ್ಲಾನೂ ಮುಖಪುಟದಲ್ಲೇ ಹೇಳಿದ್ರೆ ಅಂಗಡಿಲೇ ಓದ್ಕೊಂಡು ಹೋಗ್ಬಿಡ್ತಾರಲ್ಲ. ಮೇರಿ ಅಂತ ಒಂದು ಪಾತ್ರ ಇದೆ ಅಂದ್ಕೊಳ್ಳಿ. "ಈ ವಾರ ರೋಚಕ ತಿರುವು" ಅಂದ್ರೆ ಅದು ಯಾವ ವಾರಕ್ಕೂ ಹೊಂದುತ್ತೆ, ದಂಡ. "ಮೇರಿ ಗಂಡನಿಗೆ ನಿಜ ಹೇಳಿ ಮನೆ ಬಿಡ್ತಾಳೆ" ಅಂದ್ರೆ ಅಲ್ಲಿಗೆ ಮುಗೀತು. "ಮೇರಿ ಬಾಯ್ಬಿಟ್ಳು!" ಅನ್ನಿ. ಯಾರು ಅಂತ ಗೊತ್ತಾಯ್ತು, ಏನೋ ಆಗಿದೆ ಅಂತಾನೂ ಗೊತ್ತಾಯ್ತು, ಯಾರ ಮುಂದೆ, ಆಮೇಲೇನು ಅನ್ನೋದಕ್ಕೆ ಪುಟ ತಿರುಗಿಸ್ಬೇಕು. ರೇಡಿಯೋ ಟೈಮ್ಸ್ ಥರದ್ದಕ್ಕೆ ಈ ಸಾಲು ಆಗ್ಬರಲ್ಲ, ಅಲ್ಲಿ ನಟ ಇಂಟರ್‌ವ್ಯೂನಲ್ಲಿ ಹೇಳಿದ ಒಂದು ಮಾತನ್ನ, ಸ್ವಲ್ಪ ಒಗರಾಗಿರೋದನ್ನ, ಎತ್ತಿ ಹಾಕಿ.

ಅಮೆರಿಕದಲ್ಲಿ ಟಿವಿ ಗೈಡ್ ಅನ್ನೋ ಇದೇ ಥರದ ಪತ್ರಿಕೆ 1953ರ ಏಪ್ರಿಲ್ 3ಕ್ಕೆ ರಾಷ್ಟ್ರೀಯ ಪತ್ರಿಕೆಯಾಗಿ ಹೊರಟಾಗ ಮೊದಲ ಮುಖಪುಟ ಏನಿತ್ತು ಗೊತ್ತಾ, ಆಗಿನ ದೊಡ್ಡ ತಾರೆ ಲೂಸಿಲ್ ಬಾಲ್ ಅವರ ಹಸುಗೂಸಿನ ಫೋಟೋ, ಜೊತೆಗೆ ಲೂಸಿಯ ಐದು ಕೋಟಿ ಡಾಲರ್ ಮಗು ಅಂತ ಸಾಲು. ಮಗು ಒಂದು ಕಡೆ, ಅಷ್ಟು ದೊಡ್ಡ ಮೊತ್ತ ಇನ್ನೊಂದು ಕಡೆ, ಎರಡಕ್ಕೂ ಏನು ಸಂಬಂಧ ಅಂತ ನೋಡೋಕಾದ್ರೂ ಎತ್ಕೊಳ್ಳಲೇಬೇಕು.

ಒಂದೇ ಮುಖಪುಟದಿಂದ ಎರಡು ಥರದವರನ್ನ ಹಿಡಿಯೋಕಾಗುತ್ತಾ ಅಂತ ಕೇಳಿದ್ರೆ, ಆಗುತ್ತೆ, ಆದ್ರೆ ಅಪರೂಪ. 2005ರ ಏಪ್ರಿಲ್ 30ರ ವಾರದ ರೇಡಿಯೋ ಟೈಮ್ಸ್ ಹುಡುಕಿ ನೋಡಿ. ಡಾಕ್ಟರ್ ಹೂ ಸೀರೀಸಿನ ಡಾಲೆಕ್ ಯಂತ್ರಗಳು ಲಂಡನ್ ಪಾರ್ಲಿಮೆಂಟ್ ಮುಂದೆ ನಿಂತಿವೆ, "ವೋಟ್ ಡಾಲೆಕ್!" ಅನ್ನೋ ಸಾಲು. ಮೇ 5ಕ್ಕೆ ಬ್ರಿಟನ್ನಲ್ಲಿ ಎಲೆಕ್ಷನ್. ಮಕ್ಕಳಿಗೆ ಡಾಲೆಕ್ ಕಂಡ್ರೆ ಸಾಕು. ರಾಜಕೀಯದ ಗದ್ದಲದಿಂದ ಸಾಕಾಗಿರೋ ದೊಡ್ಡೋರಿಗೆ ಆ ಜೋಕು. ಇನ್ನೂ ವಯಸ್ಸಾದವರಿಗೆ, 1964ರಲ್ಲಿ ಇದೇ ಡಾಲೆಕ್‌ಗಳು ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲೆ ಓಡಾಡಿದ ದೃಶ್ಯದ ನೆನಪು. ಒಂದೇ ಫೋಟೋ, ಒಂದೇ ಸಾಲು, ಮೂರು ತಲೆಮಾರು. 2008ರಲ್ಲಿ ಬ್ರಿಟನ್ನಿನ ಪತ್ರಿಕಾ ಪ್ರಕಾಶಕರ ಸಂಘ ನಡೆಸಿದ ವೋಟಿಂಗಲ್ಲಿ ಇದೇ ಎಲ್ಲಾ ಕಾಲಕ್ಕೂ ಬೆಸ್ಟ್ ಮುಖಪುಟ ಅಂತ ಗೆದ್ದಿತು. ನಿಮ್ಮ ಐಡಿಯಾ ಇಷ್ಟು ಸರಳವಾಗಿ ಕೂರ್ತಾ ಇಲ್ಲ ಅಂದ್ರೆ ಒಂದೇ ಓದುಗ ವರ್ಗಕ್ಕೆ ಅಂಟ್ಕೊಳ್ಳಿ, ಎರಡು ದೋಣಿ ಮೇಲೆ ಕಾಲಿಡ್ಬೇಡಿ.

ಇನ್ನು ಚಿಲ್ಲರೆ ಕೆಲಸಗಳು. ಅಂಗಡಿ ಸ್ಟ್ಯಾಂಡಲ್ಲಿ ಪತ್ರಿಕೆಗಳು ಒಂದರ ಮೇಲೊಂದು ಒರಗಿರೋದ್ರಿಂದ ಎಷ್ಟೋ ಸಲ ಎಡಗಡೆಯ ಮೂರನೇ ಒಂದು ಭಾಗ ಇಲ್ಲಾ ಮೇಲಿನ ಪಟ್ಟಿ ಮಾತ್ರ ಕಾಣುತ್ತೆ, ಮುಖ್ಯ ಸಾಲು ಅಲ್ಲೇ ಇರ್ಲಿ. ಮಾಸ್ಟ್‌ಹೆಡ್, ಅಂದ್ರೆ ಮೇಲಿರೋ ಪತ್ರಿಕೆ ಹೆಸರಿನ ಮೇಲೆ ನಟನ ತಲೆ ಬರೋ ಹಾಗೆ ಮಾಡೋದು ಚೆನ್ನಾಗಿ ಕಾಣುತ್ತೆ, ಆದ್ರೆ ಅದು ರೇಡಿಯೋ ಟೈಮ್ಸ್‌ಗೆ ನಡೆಯುತ್ತೆ, ಅರ್ಧ ಅಕ್ಷರ ಮುಚ್ಚಿದ್ರೂ ಜನ ಗುರುತಿಸ್ತಾರೆ, ನೂರು ವರ್ಷದ ಹೆಸರು. ನಿನ್ನೆ ಹುಟ್ಟಿದ ನಿಮ್ಮ ಪತ್ರಿಕೆ ಹೆಸರು ಪೂರ್ತಿ ಕಾಣ್ಬೇಕು. ಬಾರ್‌ಕೋಡ್, ಬೆಲೆ ಹಾಕಿ. ಅದಕ್ಕಿಂತ ಮುಖ್ಯ ದಿನಾಂಕ, ಇದನ್ನ ಮರೆತಿರೋ ಪ್ರಾಜೆಕ್ಟ್‌ಗಳಿಗೆ ಲೆಕ್ಕಾನೇ ಇಲ್ಲ. ಲಿಸ್ಟಿಂಗ್ಸ್ ಪತ್ರಿಕೆ ಒಂದು ವಾರಕ್ಕೆ ಮಾತ್ರ ಬದುಕಿರೋದು, ಬ್ರಿಟನ್ನಲ್ಲಿ ಆ ವಾರ ಶನಿವಾರಕ್ಕೆ ಶುರುವಾಗಿ ಶುಕ್ರವಾರಕ್ಕೆ ಮುಗಿಯುತ್ತೆ, ಅದು ಮುಖಪುಟದಲ್ಲಿ ಇಲ್ಲ ಅಂದ್ರೆ ಯಾರೂ ಮುಟ್ಟಲ್ಲ.

ಫೋಟೋಶಾಪಲ್ಲಿ ಇವನ ತಲೆ ಅವನ ಮೈಗೆ ಅಂಟಿಸೋ ಆಸೆ ಬರುತ್ತೆ, ಬೇಡ. 1989ರಲ್ಲಿ ಟಿವಿ ಗೈಡ್ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ತಲೆನ ನಟಿ ಆನ್ ಮಾರ್ಗ್ರೆಟ್ ಮೈಗೆ ಜೋಡಿಸಿದ ಚಿತ್ರ ಮುಖಪುಟಕ್ಕೆ ಹಾಕಿತ್ತು, ಇಬ್ಬರನ್ನೂ ಕೇಳಿರ್ಲಿಲ್ಲ. ಇವತ್ತಿಗೂ ಪಾಠ ಮಾಡೋರು ಅದನ್ನೇ ಉದಾಹರಣೆ ಕೊಡ್ತಾರೆ.

ಕ್ರಿಸ್ಮಸ್ ಸಂಚಿಕೆ ಮಾಡಿ ಅಂತ ಹೇಳಿದ್ರೆ ಮೇಲೆ ಹೇಳಿದ ಅರ್ಧ ಮರೆತ್ಬಿಡಿ. ಅದು ಎರಡು ವಾರದ ಸಂಚಿಕೆ, ಇಡೀ ಮನೆ ಪೆನ್ ಹಿಡ್ಕೊಂಡು ನಂದಿದು ನಿಂದದು ಅಂತ ಕಾರ್ಯಕ್ರಮಗಳಿಗೆ ಸುತ್ತು ಹಾಕೋ ಸಂಚಿಕೆ. ಹಾಗಾಗಿ ರೇಡಿಯೋ ಟೈಮ್ಸ್ ಆಗ ಒಬ್ಬ ನಟನನ್ನ ನೆಚ್ಕೊಳ್ಳದೆ ಸಾಂಟಾ, ಹಿಮ ಅಂತ ಬಿಡಿಸಿದ ಚಿತ್ರ ಹಾಕೋದು ರೂಢಿ, ಅಜ್ಜಿಗೂ ಸೈ ಮೊಮ್ಮಗನಿಗೂ ಸೈ. 1988ರ ಕ್ರಿಸ್ಮಸ್ ಸಂಚಿಕೆ 1 ಕೋಟಿ 12 ಲಕ್ಷ ಪ್ರತಿ ಖರ್ಚಾಗಿತ್ತು. ಆಗ ಬಿಬಿಸಿಯ ಇಡೀ ವಾರದ ಪಟ್ಟಿ ಬೇರೆಲ್ಲೂ ಸಿಗ್ತಿರ್ಲಿಲ್ಲ ಅನ್ನೋದನ್ನೂ ಸೇರಿಸ್ಕೊಂಡೇ ಓದಿ, ಬರೀ ಸಾಂಟಾ ಮಾಡಿದ ಪವಾಡ ಅಲ್ಲ ಅದು.

ಎಲ್ಲಾ ಆದ್ಮೇಲೆ ಸ್ಕ್ರೀನ್ ಮೇಲೆ ನೋಡಿ ಖುಷಿ ಪಡೋದಲ್ಲ, ಪ್ರಿಂಟ್ ತೆಗೀರಿ. ಬಲಗಡೆಯ ಮೂರರಲ್ಲಿ ಎರಡು ಭಾಗಕ್ಕೆ ಹಾಳೆ ಮುಚ್ಚಿ, ನಾಲ್ಕು ಹೆಜ್ಜೆ ದೂರದಲ್ಲಿ ಒಬ್ಬರನ್ನ ನಿಲ್ಲಿಸಿ ಇದನ್ನ ಯಾರು ಕೊಳ್ತಾರೆ ಅಂತ ಕೇಳಿ. ಅವರು ವಯಸ್ಸು, ಅಭ್ಯಾಸ ಏನಾದ್ರೂ ಹೇಳಿದ್ರೆ ಸರಿ, "ಫೋಟೋ ಚೆನ್ನಾಗಿದೆ" ಅಂತ ಮಾತ್ರ ಅಂದ್ರೆ ವಾಪಸ್ ಕೂತ್ಕೊಳ್ಳಿ. ಆಮೇಲೆ ಅದನ್ನ ಟಿವಿ ರಿಮೋಟ್ ಪಕ್ಕ ಒಂದು ವಾರ ಬಿಡಿ, ಯಾಕಂದ್ರೆ ಈ ಪತ್ರಿಕೆ ಓದಿ ಎಸೆಯೋದಲ್ಲ, ಏಳು ದಿನ ಅಲ್ಲೇ ಬಿದ್ದಿರುತ್ತೆ, ದಿನಕ್ಕೆ ನಾಲ್ಕು ಸಲ ಕೈಗೆ ಬರುತ್ತೆ. ಮೂರನೇ ದಿನಕ್ಕೇ ಮನೆಯವರು ಅದನ್ನ ಬೋರಲು ಹಾಕಿದ್ರೆ ಫೋಟೋ ಬದಲಾಯಿಸಿ.